ಕುಂಬಳಕಾಯಿಗೆ ಹೆದರಿ ಜೀಪು ಕೆಡಿಸಿದ್ದು

ಸರ್ಕಾರಿ ಜೀಪನ್ನ ನಾನೇ ನನ್ನ ಕೈಯಾರೆ ಕೆಡಿಸ್ದೆ. ಇದನ್ನ ಮೊದಲೇ ಒಪ್ಕೊಂಡ್ಬಿಡ್ತೀನಿ, ಆಮೇಲೆ ನೀವು ಬೈಯೋದಾದ್ರೆ ಬೈಕೊಳ್ಳಿ. ಬೇರೆ ಡ್ರೈವರುಗಳು ಗಾಡಿನ ಹಳ್ಳಕ್ಕೆ ಇಳಿಸ್ತಾರೆ, ಮರಕ್ಕೆ ಗುದ್ದಿಸ್ತಾರೆ, ಅದಕ್ಕೆಲ್ಲ ಒಂದು ಗತ್ತಾದ್ರೂ ಇದೆ. ನಾನು ಕೆಡಿಸಿದ್ದು ಸುಮ್ಮನೆ ನಿಂತಿದ್ದ ಜೀಪನ್ನ. ಅದೂ ಒಂದು ಬೂದುಗುಂಬಳಕಾಯಿಗೆ ಹೆದರ್ಕೊಂಡು.

ಆಗ ನಾನು ಅರಕಲಗೂಡಿನ ಬ್ಲಾಕ್ ಆಫೀಸಲ್ಲಿ ಜೀಪ್ ಡ್ರೈವರು. ಹೊಸ ಬಾವಿ, ಹೊಸ ಬಿತ್ತನೆ, ಹೊಸ ಸ್ಕೂಲು ಅಂತ ಆಫೀಸರುಗಳು ಹಳ್ಳಿ ಹಳ್ಳಿಗೆ ಧೂಳೆಬ್ಬಿಸ್ಕೊಂಡು ಓಡಾಡ್ತಿದ್ದ ಕಾಲ. ಆ ಧೂಳಲ್ಲಿ ಅರ್ಧ ನಾನೇ ಎಬ್ಬಿಸಿದ್ದು. ಡ್ರೈವಿಂಗ್ ಕಲ್ತಿದ್ದು ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಲಾರಿಗೆ ಕ್ಲೀನರ್ ಆಗಿದ್ದಾಗ. ಮೊದಲನೇ ಸಲ ಸ್ಟೀರಿಂಗ್ ಕೈಗೆ ಕೊಟ್ಟ ದಿವಸ ಹಿರೀಸಾವೇಲಿ ಹೋಟ್ಲು ಮುಂದೆ ನಿಲ್ಸು ಅಂದ್ರು, ನಾನು ಹೋಟ್ಲೊಳಗೇ ನಿಲ್ಲಿಸ್ದೆ. ದೋಸೆ ಹುಯ್ಯೋನು ಗಾಬರೀಲಿ ಲಾರಿನೇ ‘ಏನ್ ಕೊಡ್ಲಿ’ ಅಂತ ಕೇಳ್ದನಂತೆ. ಅಂಥವನಿಗೆ ಸರ್ಕಾರ ಜೀಪು ಕೊಡ್ತು.

ಕೊಟ್ಟಿದ್ದು ಟೆಂಪರ್ವರಿಯಾಗಿ. ಎರಡು ವರ್ಷ ಆಗಿತ್ತು. ನಮ್ಮ ಬಿ.ಡಿ.ಒ. ಸಾಹೇಬ್ರು ಒಂದು ಕಾಗದ ಬರೆದು ಸೈನ್ ಹಾಕಿದ್ರೆ ಕಾಯಂ. ಆ ಕಾಗದ ಟೈಪಾಗಿ ಅವರ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ ಹದಿನೈದು ದಿನದಿಂದ ಬಿದ್ದಿತ್ತು. ನಮ್ಮವ್ವ ಹಾಸನದ ಮಿಷನ್ ಆಸ್ಪತ್ರೇಲಿ ಆಯಾ. ಆಸ್ಪತ್ರೆ ಹಿಂದೆ ಅವಳಿಗೊಂದು ರೂಮು. ಬರೋ ವರ್ಷ ಕೆಲಸ ಮುಗಿದ್ರೆ ರೂಮೂ ಮುಗೀತು. ನಾನು ಕಾಯಂ ಆದ್ರೆ ಅವ್ವನಿಗೊಂದು ಸೂರು, ಇಲ್ಲದಿದ್ರೆ ಇಲ್ಲ. ದಿನಾ ಬೆಳಿಗ್ಗೆ ಜೀಪಿನ ಕೀ ತಗೊಳ್ಳೋ ನೆವದಲ್ಲಿ ಹೋಗಿ ಆ ಕಾಗದಕ್ಕೊಂದು ಸಲಾಮು ಹೊಡೆದು ಬರ್ತಿದ್ದೆ.

ಸಾಹೇಬ್ರು ಬಹಳ ಆಚಾರವಂತರು. ಸಂಧ್ಯಾವಂದನೆ ಆಗೋವರೆಗೂ ತೊಟ್ಟು ನೀರು ಮುಟ್ಟೋರಲ್ಲ. ಬೈಯೋದ್ರಲ್ಲೂ ಅಷ್ಟೇ ಶಿಸ್ತು, ಬೆಳಿಗ್ಗೆ ಹತ್ತೂವರೆಗೆ ಶುರು, ಊಟದ ಹೊತ್ತಿಗೆ ಮರೆತುಬಿಡೋರು. ನನಗೆ ಅವರ ಮೇಲೆ ಭಯ ಎಷ್ಟಿತ್ತೋ ಅಭಿಮಾನಾನೂ ಅಷ್ಟೇ ಇತ್ತು. ಒಂದು ದಿನಾನೂ ಅವರು ನನ್ನ ನೀನ್ಯಾವ ಜಾತಿ ಅಂತ ಕೇಳಿದೋರಲ್ಲ.

ನಮ್ಮಪ್ಪ ದೀಕ್ಷಾಸ್ನಾನ ತಗೊಂಡು ಕ್ರಿಸ್ತನನ್ನ ನಂಬಿದ ಮೇಲೆ ಊರ ಹಬ್ಬಕ್ಕೆ ತಮಟೆ ಬಡಿಯಲ್ಲ ಅಂದವನು. ಪಟೇಲರ ಜಗಲಿ ಮುಂದೆ ನಿಂತು, ‘ನೀವು ಹೇಳಿದ ಗೇಮೆ ಎಲ್ಲಾ ಮಾಡ್ತೀನಿ ಬುದ್ಧಿ, ಇದೊಂದು ಕೇಳ್ಬೇಡಿ’ ಅಂದನಂತೆ. ಊರು ಬಿಡಬೇಕಾಯ್ತು. ಅಪ್ಪ ಹೋದ ಮೇಲೆ ಅವ್ವ ನನಗೆ ಪಾಠ ಹೇಳ್ತಿದ್ದದ್ದೂ ಅದೇ: “ಮೇಲಿರೋರಿಗೆ ತಗ್ಗಿ ಬಗ್ಗಿ ನಡಿ ಮಗಾ. ಯೋಳಿದ್ದಕ್ಕಿಂತ ಒಂದು ಕೈ ಜಾಸ್ತಿನೇ ಗೇಯಿ. ಆದ್ರೆ ಅಡ್ಡಬೀಳಾದು ಒಬ್ಬನ್ಗೇಯ.” ನಾನು ಊಂ ಅಂತಿದ್ದೆ. ಊಂ ಅನ್ನೋದಕ್ಕೆ ಏನು ಖರ್ಚು?

ಖರ್ಚು ಬಂದಿದ್ದು ಆಯುಧಪೂಜೆಗೆ.

ಆಫೀಸಿನ ಪದ್ಧತಿ ಏನಪ್ಪಾ ಅಂದ್ರೆ, ಡ್ರೈವರ್ ಆದೋನೇ ಗಾಡಿ ಪೂಜೆ ಮಾಡ್ಬೇಕು. ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಮಂಗಳಾರತಿ ಎತ್ತಿ, ಕುಂಕುಮ ತುಂಬಿದ ಬೂದುಗುಂಬಳಕಾಯಿನ ಗಾಡಿಗೆ ಮೂರು ಸುತ್ತು ನಿವಾಳಿಸಿ ನೆಲಕ್ಕೆ ಒಡೀಬೇಕು. ಆಮೇಲೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡ್ತಾರೆ, ಅದರ ಮೇಲೆ ಗಾಡಿ ಹತ್ತಿಸ್ಬೇಕು. ಹೋದ ವರ್ಷ ಹಬ್ಬದ ದಿನ ನನಗೆ ನಿಜವಾಗ್ಲೂ ಜ್ವರ ಬಂದಿತ್ತು. ದೇವರು ಕೊಟ್ಟ ಜ್ವರ. ಈ ವರ್ಷ ಎರಡು ದಿನ ಒದ್ದೆ ಬಟ್ಟೇಲಿ ಬಿಸಿಲಿಗೆ ನಿಂತ್ರೂ ಒಂದು ಸೀನೂ ಬರ್ಲಿಲ್ಲ. ಎಂಥ ದರಿದ್ರ ಆರೋಗ್ಯ ನಂದು!

ಸಾಹೇಬ್ರ ರೂಮಿನ ಬಾಗಿಲವರೆಗೂ ಮೂರು ಸಲ ಹೋದೆ. ‘ಸಾ, ನಾನು ಕ್ರಿಸ್ತನವನು, ಪೂಜೆ ನನ್ನ ಕೈಲಿ ಆಗಲ್ಲ ಸಾ.’ ಹೇಳ್ಬೇಕಾಗಿದ್ದದ್ದು ಇಷ್ಟೇ. ಮೂರು ಸಲಾನೂ ಗಾಜಿನ ಗುಂಡಿನ ಕೆಳಗಿದ್ದ ಕಾಗದ ಕಣ್ಣಿಗೆ ಬಿತ್ತು. ಮೊದಲನೇ ಸಲ “ಕೀ ಸಾ” ಅಂದೆ. ಎರಡನೇ ಸಲ “ಕೀ ಇಟ್ಟೆ ಸಾ” ಅಂದೆ. ಮೂರನೇ ಸಲ “ಕೀ ಇದೆಯಾ ಸಾ” ಅಂದೆ. ಸಾಹೇಬ್ರು ಕನ್ನಡಕ ತೆಗೆದು, “ಆ ಕೀಗೆ ಏನಾದ್ರೂ ಹೆರಿಗೆ ಆಗೋದಿದೆಯೇನಯ್ಯಾ, ಇಷ್ಟು ಸಲ ನೋಡ್ಕೊಂಡ್ ಹೋಗ್ತಿದ್ದೀಯ?” ಅಂದ್ರು.

ಹೆರಿಗೆ ಇದ್ದದ್ದು ಜವಾನಣ್ಣನ ಮಗಳಿಗೆ. ಜವಾನಣ್ಣ ಅಂದ್ರೆ ಆಫೀಸಿನ ಹಳೇ ಜವಾನ, ನಮ್ಮಪ್ಪನ ವಯಸ್ಸಿನೋನು. ಮನೆ ಕೊಣನೂರು ರಸ್ತೇಲಿ ಎರಡು ಮೈಲಿ ದೂರ. ನನಗೆ ಟೀ ತಂದುಕೊಡೋನು, ಹಸಿದಿದ್ರೆ ತನ್ನ ಮುದ್ದೇಲಿ ಅರ್ಧ ಮುರಿದು ಕೊಡೋನು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ಲು.

“ಲೇ ಮಗಾ, ಮೂರೊತ್ತೂ ನಿನ್ ಜೀಪ್ನೇ ನೆನೀತಾ ಕುಂತಿವ್ನಿ ಕಣ್ಲಾ,” ಅಂದಿದ್ದ ಅವನು. “ಕೂಸು ಅಡ್ಡ ಐತೆ ಅಂತವ್ಳೆ ಸೂಲಗಿತ್ತಿ. ನೋವು ಬಂದೇಟ್ಗೆ ಆಸನದ ಆಸ್ಪತ್ರೆಗೆ ಎತ್ತಾಕಂಡು ಓಗ್ಬೇಕಂತೆ. ಜೀಪಲ್ಲೇ ಕರ್ಕಂಡೋಗು ಅಂತ ಸಾಯೇಬ್ರೂ ಅಂದವ್ರೆ.”

“ಯಾವಾಗಂತೆ ಅಣ್ಣಾ?”

“ಇನ್ನೂ ಎಂಟತ್ತು ದಿನ ಐತಂತೆ.”

ಆ ಎಂಟತ್ತು ದಿನಾನ ನಂಬ್ಕೊಂಡು ನಾನು ಹಬ್ಬದ ಹಿಂದಿನ ಸಾಯಂಕಾಲ ಜೀಪಿನ ಬಾನೆಟ್ ಎತ್ತಿದೆ. ಇಂಜಿನ್ ಪಕ್ಕದಲ್ಲಿ ಒಂದು ಕಪ್ಪು ಮುಚ್ಚಳ, ಅದರೊಳಗೆ ಹೆಬ್ಬೆಟ್ಟಿನಷ್ಟು ಸಾಮಾನು, ರೋಟರ್ ಅಂತಾರೆ. ಪ್ಲಗ್ಗುಗಳಿಗೆ ಕರೆಂಟು ಹಂಚೋದೇ ಅದು. ಅದನ್ನ ಎತ್ತಿಟ್ಕೊಂಡ್ರೆ ಹ್ಯಾಂಡಲ್ ಹಾಕಿ ಬೆಳಗಿಂದ ಬೈಗಿನವರೆಗೂ ತಿರುಗಿಸಿದ್ರೂ ತೋಳು ಬೀಳುತ್ತೇ ಹೊರತು ಗಾಡಿ ಏಳಲ್ಲ. ರೋಟರನ್ನ ಚಿಂದೀಲಿ ಸುತ್ತಿ, ಸೀಟಿನ ಕೆಳಗಿದ್ದ ಸ್ಪ್ಯಾನರ್ ಡಬ್ಬದ ತಳಕ್ಕೆ ಹಾಕ್ದೆ. ಕೆಟ್ಟ ಗಾಡಿಗೆ ಯಾರು ಪೂಜೆ ಮಾಡ್ತಾರೆ? ನಾಳೆ ಸಾಯಂಕಾಲ ವಾಪಸ್ ಹಾಕಿದ್ರಾಯ್ತು. ನಂಬಿಕೇನೂ ಉಳೀತು, ನೌಕರೀನೂ ಉಳೀತು. ನನ್ನ ಬುದ್ಧಿಗೆ ನಾನೇ ಭುಜ ತಟ್ಕೊಂಡೆ.

ಹಬ್ಬದ ಬೆಳಿಗ್ಗೆ ಸಾಹೇಬ್ರ ಮುಂದೆ ಹೋಗಿ ನಿಂತೆ.

“ಜೀಪು ಸ್ಟಾರ್ಟ್ ಆಗ್ತಿಲ್ಲ ಸಾ.”

“ಏನಾಗಿದೆ?”

“ಕಾಯಿಲ್ ಹೋಗಿದೆ ಸಾ. ಪ್ಲಗ್ಗೂ ಹೋಗಿದೆ. ಪಂಪೂ ಹೋದಂಗಿದೆ.”

“ಎಲ್ಲಾ ಹೋಗಿದ್ರೆ ಉಳಿದಿರೋದೇನಯ್ಯಾ?”

“ಹಾರನ್ ಸಾ.”

ಸಾಹೇಬ್ರು ಒಂದು ಗಳಿಗೆ ಯೋಚನೆ ಮಾಡಿ, “ಸರಿ. ಚೆನ್ನಾಗಿರೋದಕ್ಕಿಂತ ಕೆಟ್ಟಿರೋದಕ್ಕೇ ಜಾಸ್ತಿ ಪೂಜೆ ಬೇಕು. ನಿಂತಲ್ಲೇ ಮಾಡು. ಕುಂಬಳಕಾಯಿ ದೊಡ್ಡದೇ ತರ್ಸಿದೀನಿ,” ಅಂದ್ರು.

ಹೆಂಗಿದೆ? ಇದ್ದ ಬುದ್ಧಿನೆಲ್ಲಾ ಖರ್ಚು ಮಾಡಿ ಕುಂಬಳಕಾಯಿ ಸೈಜು ದೊಡ್ಡದು ಮಾಡ್ಕೊಂಡೆ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ: “ಸಾ, ಈಗಲೇ ಬಸ್ಸಿದೆ, ಹೊಳೆನರಸೀಪುರಕ್ಕೆ ಹೋಗಿ ಮೆಕ್ಯಾನಿಕ್ಕನ್ನ ಕರ್ಕೊಂಡ್ಬರ್ತೀನಿ ಸಾ.” ಉತ್ತರಕ್ಕೂ ಕಾಯದೆ ಓಡ್ದೆ.

ಹೊಳೆನರಸೀಪುರದಲ್ಲಿ ಮೆಕ್ಯಾನಿಕ್ಕು ಸ್ಪ್ಯಾನರುಗಳನ್ನೆಲ್ಲ ಮಣೆ ಮೇಲೆ ಜೋಡಿಸಿ ಹೂವಿಟ್ಟಿದ್ದ. ನನ್ನ ನೋಡಿ, “ನಾಳೆಗಂಟ ಒಂದು ನಟ್ಟೂ ಮುಟ್ಟಕಿಲ್ಲ, ಓಗಣ್ಣ. ಈ ದಿವ್ಸ ಆಯುಧಕ್ಕೆ ರಜ,” ಅಂದು ಒಂದು ಹಿಡಿ ಪುರಿ ಕೊಟ್ಟ. ನನಗೆ ಬೇಕಾಗಿದ್ದೂ ಅದೇ. ಬಸ್ ಸ್ಟ್ಯಾಂಡಲ್ಲಿ ಕೂತು ಪುರಿ ತಿಂದೆ. ತಿಂತಾ ತಿಂತಾ, ಸ್ತೋತ್ರ ದೇವರೇ, ಕಾಪಾಡ್ದೆ ಅಂತ ಪ್ರಾರ್ಥನೇನೂ ಮಾಡ್ದೆ. ಆ ಪ್ರಾರ್ಥನೆ ನೆನೆಸ್ಕೊಂಡ್ರೆ ಈಗಲೂ ಕಿವಿ ಬಿಸಿಯಾಗುತ್ತೆ.

ಮಧ್ಯಾಹ್ನ ಎರಡು ಗಂಟೆ ಬಸ್ಸಿಗೆ ಅರಕಲಗೂಡಿಗೆ ವಾಪಸ್ ಬಂದೆ. ಪೂಜೆ ಮುಗಿದಿತ್ತು. ಜೀಪಿಗೆ ಚೆಂಡುಹೂವಿನ ಹಾರ, ಮುಂದೆ ಒಡೆದ ಕುಂಬಳಕಾಯಿ, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಹಂಗೇ ಕಾಯ್ತಾ ಕೂತಿದ್ವು. ನನ್ನ ಬದಲಿಗೆ ಕುಂಬಳಕಾಯಿ ಒಡೆದೋನು ಜವಾನಣ್ಣ ಅಂತೆ. ಒಡೆದ ಹತ್ತು ನಿಮಿಷಕ್ಕೆ ಮನೆಯಿಂದ ಆಳು ಬಂದು ಕರ್ಕೊಂಡು ಹೋದನಂತೆ.

“ಯಾಕೆ?” ಅಂತ ಗುಮಾಸ್ತರನ್ನ ಕೇಳ್ದೆ.

ಅವರು ರಸ್ತೆ ಕಡೆ ನೋಡಿದ್ರು. ಕೊಣನೂರು ರಸ್ತೆಯಿಂದ ಒಂದು ಎತ್ತಿನ ಗಾಡಿ ಬರ್ತಿತ್ತು. ಮುಂದೆ ಜವಾನಣ್ಣ ಎತ್ತಿನ ಹಗ್ಗ ಹಿಡ್ಕೊಂಡು ಬರಿಗಾಲಲ್ಲಿ ಓಡ್ತಿದ್ದ. ಗಾಡಿ ಒಳಗಿಂದ ಬರ್ತಿದ್ದ ಸದ್ದು ಮನುಷ್ಯರದ್ದು ಅಂತ ಅನ್ನಿಸ್ತಾ ಇರ್ಲಿಲ್ಲ.

“ಬೆಳಗಿಂದ ನೋವು ಕಣ್ಲಾ,” ಅಂದ ಜವಾನಣ್ಣ. “ಬಸ್ಸು ತುಂಬೋಗಿತ್ತು, ನಿಲ್ಲಿಸ್ನೇ ಇಲ್ಲ. ಮೆಕ್ಯಾನಿಕ್ ಬಂದ್ನೇನ್ಲಾ? ಎಂಗಾದ್ರೂ ಮಾಡ್ಲಾ ಮಗಾ. ನನ್ ಕೂಸು ಉಳ್ಯಕಿಲ್ಲ ಕಣ್ಲಾ.”

ಆಗಲಾದ್ರೂ ಬಾಯಿಬಿಟ್ಟು ಹೇಳಿದ್ನಾ? ಇಲ್ಲ. ಆಗಲೂ ನನ್ನ ತಲೇಲಿ ಓಡ್ತಿದ್ದದ್ದು ಒಂದೇ. ಗೊತ್ತಾಗ್ದಂಗೆ ರೋಟರ್ ಹಾಕ್ಬಿಟ್ರೆ? ‘ಏನೋ ಕೈಗುಣ ಸಾ, ಸ್ಟಾರ್ಟ್ ಆಗೋಯ್ತು’ ಅಂದ್ಬಿಟ್ರೆ? “ನೋಡ್ತೀನಿ ಅಣ್ಣಾ” ಅಂತ ಸೀಟು ಎತ್ತಿದೆ.

ಡಬ್ಬ ಇಲ್ಲ.

ಹಿಂದಿನ ಸೀಟಿನ ಕೆಳಗೆ ನೋಡ್ದೆ, ಬಾನೆಟ್ ಕೆಳಗೆ ನೋಡ್ದೆ, ಜೀಪಿನ ಅಡಿಗೇ ಮಲಗಿ ನೋಡ್ದೆ. ಸುಮ್ಮನಿದ್ರೆ ಜನ ನೋಡ್ತಾರೆ ಅಂತ ಮಧ್ಯೆ ಮಧ್ಯೆ ಹ್ಯಾಂಡಲ್ ಹಾಕಿ ತಿರುಗಿಸ್ದೆ. ರೋಟರ್ ಇಲ್ಲದ ಇಂಜಿನ್ನು, ನಾನೇ ಬಿಚ್ಚಿಟ್ಟಿದ್ದು, ಏಳಲ್ಲ ಅಂತ ನನಗೇ ಗೊತ್ತು, ಆದ್ರೂ ತಿರುಗಿಸ್ತಿದೀನಿ. ಗಾಡೀಲಿ ಆ ಹುಡುಗಿ ಕೂಗ್ತಿದಾಳೆ. ಪ್ರಪಂಚದಲ್ಲಿ ನಾಟಕ ಆಡಿದೋರು ಬೇಕಾದಷ್ಟು ಜನ ಇರ್ಬೋದು. ಇಷ್ಟು ಹೊಲಸು ನಾಟಕ ಯಾರೂ ಆಡಿರಲ್ಲ.

ಕಡೆಗೆ ಗುಮಾಸ್ತರ ಹತ್ರ ಓಡ್ದೆ. “ಸ್ವಾಮಿ, ನನ್ನ ಸ್ಪ್ಯಾನರ್ ಡಬ್ಬ?”

“ನೀನಿಲ್ಲ ಅಂತ ಜವಾನನೇ ಮೇಲೆಲ್ಲಾ ಒರೆಸಿ ತಂದು ಪೂಜೆಗಿಟ್ಟ. ‘ನಮ್ ಉಡ್ಗನ ಸಾಮಾನು, ಅವನ ಕೆಲ್ಸ ಕಾಯಂ ಆಗ್ಲಿ’ ಅಂತ ಕೈಮುಗಿದ.”

ಆಫೀಸಿನ ದೊಡ್ಡ ಕೋಣೇಲಿ ಮೇಜಿನ ಮೇಲೆ ದೇವರ ಪಟ. ಅದರ ಮುಂದೆ ಟೈಪ್‌ರೈಟರು, ಅಳತೆ ಸರಪಳಿ, ಔಷಧಿ ಹೊಡೆಯೋ ಪಂಪು. ನಟ್ಟ ನಡುವೆ ನನ್ನ ಡಬ್ಬ. ಮೇಲೆ ಮೂರು ಬೆರಳಲ್ಲಿ ಎಳೆದ ವಿಭೂತಿ, ಕುಂಕುಮ, ಒಂದು ಹಿಡಿ ಹೂವು. ನಾನು ಯಾವುದರಿಂದ ಓಡಿಹೋಗಿದ್ನೋ ಅದರ ಮಡಿಲಲ್ಲೇ ಕೂತಿತ್ತು.

“ಒಂದು ಸ್ಪ್ಯಾನರ್ ತೆಕ್ಕೊಡಿ ಸ್ವಾಮಿ,” ಅಂದೆ. ಆಗಲೂ ರೋಟರ್ ಅನ್ನಲಿಲ್ಲ!

“ಪೂಜೆಗಿಟ್ಟದ್ದು ನಾಳೆವರೆಗೂ ಅಲ್ಲಾಡಿಸಂಗಿಲ್ಲ. ಸ್ಪ್ಯಾನರ್ ಬಂದ್ರೂ ಕೆಟ್ಟಿರೋ ಜೀಪು ಏಳುತ್ತೇನಯ್ಯಾ? ಬೇರೆ ಗಾಡಿ ನೋಡೋಣ, ಸುಮ್ನಿರು.”

ಬೇರೆ ಗಾಡಿ ಎಲ್ಲಿತ್ತು? ಹುಡುಕ್ತಾ, ತಿರುಗಿಸ್ತಾ, ಬೇಡ್ತಾ ಅರ್ಧ ಗಂಟೆ ಹೋಗಿತ್ತು. ಅಂಗಳದಲ್ಲಿ ಕೂಗು ನಿಂತಿತು. ಕೂಗ್ತಿದ್ದಾಗ ಆಗದಷ್ಟು ಭಯ ಅದು ನಿಂತಾಗ ಆಯ್ತು. ಮಗಳ ತಲೆ ತೊಡೆ ಮೇಲಿಟ್ಕೊಂಡಿದ್ದ ಜವಾನಣ್ಣನ ಹೆಂಡ್ತಿ ಒಬ್ಬಳೇ ‘ಕಣ್ ಬುಡವ್ವಾ, ಕಣ್ ಬುಡು’ ಅಂತಿದ್ಲು. ಸಾಹೇಬ್ರು ಪೂಜೆ ಪಂಚೇಲೇ ಹೊರಗೆ ಬಂದು ನಿಂತಿದ್ರು.

“ಸಾ.”

“ಏನಯ್ಯಾ?”

“ಜೀಪು ಕೆಟ್ಟಿಲ್ಲ ಸಾ.”

ಸಾಹೇಬ್ರು ನನ್ನ ಮುಖಾನೇ ನೋಡಿದ್ರು.

“ನಾನೇ ಒಂದು ಸಾಮಾನು ಬಿಚ್ಚಿಟ್ಟೆ ಸಾ. ಕುಂಬಳಕಾಯಿ ಒಡೀಬೇಕಾಗುತ್ತೆ ಅಂತ. ನಾನು ಕ್ರಿಸ್ತನವನು ಸಾ. ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅದು ಆ ಡಬ್ಬದಲ್ಲಿದೆ.”

ಅವರ ಮುಖ ಕೆಂಪಗಾಗ್ಲಿಲ್ಲ, ಬಿಳಚಿಕೊಳ್ತು. ಗಾಡಿ ಪಕ್ಕ ನಿಂತಿದ್ದ ಜವಾನಣ್ಣನಿಗೂ ಕೇಳಿಸ್ತು. ನನ್ನ ಕಡೆ ತಿರುಗಿದ. ಎರಡು ಬಾರಿಸಿದ್ರೆ ಬದುಕ್ಕೊಳ್ತಿದ್ದೆ. ಅವನು ವಾಪಸ್ ಮಗಳ ಕಡೆಗೇ ಬಗ್ಗಿದ.

ಸಾಹೇಬ್ರು ಒಳಗೆ ಹೋದ್ರು. ಗುಮಾಸ್ತರು “ಸಾರ್, ಬೇಡಿ ಸಾರ್, ನಾಳೆ ದಶಮಿ...” ಅಂತ ಅಡ್ಡ ಬಂದ್ರು. ಸಾಹೇಬ್ರು ಪಟಕ್ಕೆ ಒಂದು ಸಲ ಕೈಮುಗಿದು, ದೀಪಾನ ಪಕ್ಕಕ್ಕೆ ಸರಿಸಿ, ಹೂವಿನ ಸಮೇತ ಡಬ್ಬ ಎತ್ಕೊಂಡು ಬಂದ್ರು. ಹೊಸ್ತಿಲಲ್ಲಿ ನಿಂತಿದ್ದ ನನ್ನ ಕೈಗೆ ಇಟ್ಟು, “ಹಾಕು,” ಅಂದ್ರು.

ಬೆರಳಿಗೆಲ್ಲ ಕುಂಕುಮ ಆಯ್ತು. ಮುಟ್ಟಬೇಕೋ ಬಾರದೋ ಅಂತ ಯೋಚನೇನೇ ಬರ್ಲಿಲ್ಲ. ಚಿಂದಿ ಬಿಚ್ಚಿ, ರೋಟರ್ ಕೂರಿಸಿ, ಮುಚ್ಚಳ ಹಾಕಿ, ಒಂದೇ ಸಲಕ್ಕೆ ಹ್ಯಾಂಡಲ್ ತಿರುಗಿಸ್ದೆ. ಜೀಪು ಎದ್ದುಬಿಡ್ತು. ಅದು ಏಳದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಒಂದು ಗಳಿಗೆ ಅನ್ನಿಸ್ತು. ಅಷ್ಟು ಸಲೀಸಾಗಿ ಎದ್ದದ್ದೇ ನನ್ನ ಮುಖಕ್ಕೆ ಉಗಿದಂಗಿತ್ತು. ಹುಡುಗೀನ ಹಿಂದೆ ಮಲಗಿಸಿದ್ರು. ಜವಾನಣ್ಣ, ಅವನ ಹೆಂಡ್ತಿ ಹತ್ತಿದ್ರು. ಸಾಹೇಬ್ರು ಪಂಚೇಲೇ ಮುಂದೆ ಕೂತ್ರು. ಗೇರ್ ಹಾಕ್ದೆ. ನಾಲ್ಕು ನಿಂಬೆಹಣ್ಣೂ ಪಚಕ್ ಪಚಕ್ ಅಂದ್ವು.

ಹಾಸನದ ರಸ್ತೆ ಹಿಡಿದ್ವಿ. ಹಿಂದೆ ಆ ತಾಯಿ ಮನೆದೇವರನ್ನ ಕರೀತಿದ್ಲು. ಮುಂದೆ ನಾನು ಏಸಪ್ಪಾ ಏಸಪ್ಪಾ ಅಂತಿದ್ದೆ, ಜೋರಾಗೇ. ಎರಡು ದಿನದಿಂದ ಯಾರ ಮುಂದೆ ಬಾಯಿ ಬಿಡೋಕೆ ಹೆದರಿದ್ನೋ, ಅವರು ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ರು. ಒಂದು ಗುಂಡಿಗೆ ಚಕ್ರ ಇಳಿದಾಗ ಮಾತ್ರ ಹಿಂದೆ ತಿರುಗಿ, ಹುಡುಗಿ ಜಾರದಂಗೆ ಅವಳ ಕಾಲನ್ನ ಗಟ್ಟಿಯಾಗಿ ಹಿಡ್ಕೊಂಡ್ರು. ಹಂಗೇ ಕೊನೆವರೆಗೂ ಹಿಡ್ಕೊಂಡಿದ್ರು.

ಮಿಷನ್ ಆಸ್ಪತ್ರೇಲಿ ಸ್ಟ್ರೆಚರ್ ತಳ್ಕೊಂಡು ಬಂದದ್ದು ನಮ್ಮವ್ವನೇ. ಹುಡುಗೀನ ಒಳಗೆ ತಗೊಂಡು ಹೋದ್ರು. ನಾವು ಹೊರಗೆ ಕಲ್ಲು ಬೆಂಚಿನ ಮೇಲೆ ಕೂತ್ವಿ. ಒಂದು ತುದೀಲಿ ಜವಾನಣ್ಣ, ಒಂದು ತುದೀಲಿ ನಾನು. ನಡುವೆ ಇನ್ನೂ ನಾಲ್ಕು ಜನ ಕೂರೋಷ್ಟು ಜಾಗ.

ಹೊತ್ತು ಮುಳುಗೋ ಮುಂಚೆ ಡಾಕ್ಟರಮ್ಮ ಆಚೆ ಬಂದ್ರು. “ತಾಯಿ ಉಳಿದ್ಲು. ಮಗು ಇಲ್ಲ. ಬೆಳಿಗ್ಗೇನೇ ಹೋಗಿತ್ತು ಅನ್ಸುತ್ತೆ, ಹೊಟ್ಟೇಲೇ. ಇನ್ನರ್ಧ ಗಂಟೆ ತಡ ಆಗಿದ್ರೆ ಇವಳೂ ಇರ್ತಿರ್ಲಿಲ್ಲ.”

ಅರ್ಧ ಗಂಟೆ. ಹ್ಯಾಂಡಲ್ ತಿರುಗಿಸ್ತಾ ನಾಟಕ ಆಡಿದ್ನಲ್ಲ, ಅದೂ ಸರಿಯಾಗಿ ಅರ್ಧ ಗಂಟೆ. ಇನ್ನೊಂದು ಅಷ್ಟೇ ಹೊತ್ತು ನನ್ನ ಸುಳ್ಳನ್ನ ನಾನು ಕಾಪಾಡ್ಕೊಂಡಿದ್ರೆ ಎರಡು ಹೆಣ.

ಅವ್ವನಿಗೆ ಎಲ್ಲಾ ಹೇಳ್ದೆ. ಬಕೆಟ್ ತೊಳೀತಾ ಕೇಳಿದ್ಲು. ಕೊನೆಗೆ ಎದ್ದು ಸೊಂಟ ನೆಟ್ಟಗೆ ಮಾಡ್ಕೊಂಡು, “ನಿಮ್ಮಪ್ಪ ಪಟೇಲ್ರ ಎದುರ್ಗೆ ನಿಂತ್ಕಂಡು ಬಡ್ಯಕಿಲ್ಲ ಅಂದ. ತಮಟೇಗೆ ತೂತು ಆಕ್ಬುಟ್ಟು ‘ಅರ್ದೋಗೈತೆ ಬುದ್ಧಿ’ ಅನ್ನಲಿಲ್ಲ ಕಣ್ಲಾ,” ಅಂದು ಒಳಕ್ಕೆ ಹೋದ್ಲು. ಆವತ್ತು ನನ್ನ ಊಟಕ್ಕೆ ಕರೀಲಿಲ್ಲ.

ಜವಾನಣ್ಣ ಐದನೇ ದಿನ ಆಫೀಸಿಗೆ ಬಂದ. ಎಂದಿನಂಗೆ ನನಗೂ ಟೀ ತಂದಿಟ್ಟ. ಎಂದಿನಂಗೆ ‘ಕುಡೀಲಾ’ ಅನ್ನಲಿಲ್ಲ. ಟೀ ಆರ್ತು. ನಾನು ಆರಿದ್ದೇ ಕುಡಿದೆ.

ಅದೇ ದಿನ ಸಾಹೇಬ್ರು ಕರೆದ್ರು. ಗಾಜಿನ ಗುಂಡು ಪಕ್ಕಕ್ಕೆ ಸರಿಸಿದ್ರು. ಕಾಗದ ಅವರ ಕೈಲಿತ್ತು, ಸೈನ್ ಇರ್ಲಿಲ್ಲ. ಅವರು ಬಾಯಿ ತೆಗೆಯೋಕೆ ಮುಂಚೆನೇ ನಾನು ಹೇಳ್ಬಿಟ್ಟೆ: “ಸಾ, ನೀವು ಹೇಳಿದ ಕೆಲಸ ಎಲ್ಲಾ ಮಾಡ್ತೀನಿ. ಬೇಕಾದ್ರೆ ಮನೆಗೆ ಕಳಿಸ್ಬಿಡಿ. ಬರೋ ವರ್ಷಾನೂ ನಾನು ಪೂಜೆ ಮಾಡಲ್ಲ ಸಾ.”

ಸಾಹೇಬ್ರು ಕನ್ನಡಕ ತೆಗೆದ್ರು.

“ಚನ್ನರಾಯಪಟ್ಟಣದಲ್ಲಿದ್ದಾಗ ನನಗೊಬ್ಬ ಸಾಬರ ಡ್ರೈವರ್ ಇದ್ದ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಬಂದು ಎದುರಿಗೆ ನಿಲ್ಲೋನು. ‘ಗಾಡಿ ಕನ್ನಡಿ ಥರ ತೊಳೆದು ಕೊಡ್ತೀನಿ ಸ್ವಾಮಿ, ಮಿಕ್ಕಿದ್ದಕ್ಕೆ ನನ್ನ ಬಿಟ್ಬಿಡಿ’ ಅನ್ನೋನು. ನಾನು ಚೆನ್ನಾಗಿ ಬೈತಿದ್ದೆ. ಬೈಸ್ಕೊಂಡು, ಸಲಾಂ ಮಾಡಿ ಹೋಗೋನು. ಮೂರು ವರ್ಷ ಅದೇ ಮಾತು, ಅದೇ ಬೈಗುಳ. ಅವನು ನನಗೆ ಮರ್ಯಾದೆ ಕೊಟ್ಟ. ನೀನು ನನಗೆ ಹೆದರಿದೆ ಅಷ್ಟೇ. ಈ ಕಾಗದಕ್ಕೆ ಈ ವರ್ಷ ಸೈನ್ ಹಾಕಲ್ಲ. ಬರೋ ವರ್ಷ ಹಬ್ಬದ ಹಿಂದಿನ ದಿನ ಬಾ, ಇದೇ ಜಾಗದಲ್ಲಿ ನಿಂತ್ಕೊಂಡು ಒಲ್ಲೆ ಅನ್ನು. ಬೈತೀನಿ. ಪೂರ್ತಿ ಬೈಸ್ಕೊ. ಆಮೇಲೆ ನೋಡೋಣ. ಈಗ ಹೋಗು, ಜವಾನನ ಮಗಳನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ ಬರ್ಬೇಕು. ನೀನೇ ಹೋಗ್ಬೇಕು ಅಂತ ಅವನೇ ಕೇಳಿದಾನೆ.”